ಅಮ್ಮ ಕುಡಿದ ಅಗಸೆ ನೀರು

ನಮ್ಮ ಮನೆಯಲ್ಲಿ ಹೆದರಿಕೆಗೆ ಒಂದು ವಾಸನೆ ಇತ್ತು. ಅದು ಹುರಿದ ಅಗಸೆಯ ವಾಸನೆ. ಬೇರೆಯವರ ಮೂಗಿಗೆ ಅದು ಬಡಿದರೆ ಬಿಸಿ ರೊಟ್ಟಿ, ಚಟ್ನಿಪುಡಿ, ಅದರ ಮೇಲೆ ಬಿಟ್ಟ ಎಣ್ಣೆ ಎಲ್ಲ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ನನಗೆ ಇವತ್ತಿಗೂ ಮೊದಲು ಹೆದರಿಕೆಯಾಗಿ, ಆಮೇಲೆ ಹಸಿವಾಗುತ್ತದೆ. ಈಗಂತೂ ಬೆಳಗಾದರೆ ಮೊಬೈಲಿಗೆ ಯಾರಾದರೊಬ್ಬರು ಅಗಸೆಯ ಗುಣಗಾನ ಕಳಿಸುತ್ತಾರೆ. ಹೃದಯಕ್ಕೆ ಒಳ್ಳೆಯದಂತೆ, ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ, ಮೀನಿನಲ್ಲಿ ಇರುವಂಥದ್ದೇ ಎಣ್ಣೆ ಇದರಲ್ಲೂ ಇದೆಯಂತೆ. ನಾವು ಗೋಣಿಚೀಲದಲ್ಲಿ ನೋಡಿ ಬೆಳೆದ ಕಾಳು ಅಂಗಡಿಗಳಲ್ಲಿ ಪುಟ್ಟ ಡಬ್ಬಿಯೊಳಗೆ ಮೆರೆಯುತ್ತಿದೆ. ಓದಿ ನಗುತ್ತೇನೆ. ಅದರಲ್ಲಿ ಮುಕ್ಕಾಲು ಪಾಲು ನಮ್ಮಜ್ಜಿ ಒಲೆ ಮುಂದೆ ಕೂತು ಹೇಳುತ್ತಿದ್ದ ಮಾತೇ. ಆದರೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಗುಳಿಗೆ ನುಂಗುವವರು ಏನು ಮಾಡಬೇಕು ಎಂದು ಬರೆದಿದ್ದಾರೋ ಇಲ್ಲವೋ ಎಂದು ಹುಡುಕುತ್ತೇನೆ. ಬರೆದಿರದಿದ್ದರೆ ನಾನೇ ಕೆಳಗೆ ಬರೆದು ಎಲ್ಲರಿಗೂ ಕಳಿಸುತ್ತೇನೆ. ನನ್ನ ಮಗಳಿಗೆ ಇದೊಂದು ತಮಾಷೆ.

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಯ ಕಡೆಯ ಕೋಣೆ ಖಾನಾವಳಿ. ನಾಲ್ಕು ಬೆಂಚು, ಬೆಂಚಿನ ಮುಂದೆ ಕಡಪಾ ಕಲ್ಲಿನ ಮೇಜು, ಬಾಗಿಲ ಪಕ್ಕದಲ್ಲಿ ಅಪ್ಪ ಕೂರುವ ಗಲ್ಲಾ. ಅದರ ಹಿಂದೆ ನಾವು ಮಲಗುವ, ಓದುವ, ಜಗಳವಾಡುವ ನಡುಮನೆ. ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು. ಹಿತ್ತಲ ಬಾಗಿಲು ತೆರೆದರೆ ಹೊಳೆಯ ಕಡೆಯಿಂದ ಗಾಳಿ ಬಂದು ಒಲೆಯ ಹೊಗೆಯನ್ನೆಲ್ಲ ಗಿರಾಕಿಗಳ ಕಣ್ಣಿಗೆ ತಳ್ಳುತ್ತಿತ್ತು. ಆದ್ದರಿಂದ ಊಟದ ಹೊತ್ತಿನಲ್ಲಿ ಅದನ್ನು ಮುಚ್ಚಿಡುತ್ತಿದ್ದೆವು, ಅಡುಗೆಮನೆ ಕತ್ತಲಾಗುತ್ತಿತ್ತು. ಖಾನಾವಳಿಗೆ ಬೋರ್ಡು ಇರಲಿಲ್ಲ. ಹಾಲಮ್ಮನ ಮನೆ ಊಟ ಅಂದರೆ ಸಾಕು, ಕಂಡಕ್ಟರುಗಳು ತಾವೇ ಕೈ ತೋರಿಸುತ್ತಿದ್ದರು. ಹಾಲಮ್ಮ ಅಂದರೆ ನಮ್ಮಜ್ಜಿ, ಅಪ್ಪನ ತಾಯಿ. ರೊಟ್ಟಿ ಬಡಿಯುತ್ತಿದ್ದವಳು ಮಾತ್ರ ನಮ್ಮಮ್ಮ ಗಿರಿಜಾ. ಹೆಸರು ಒಬ್ಬರದು, ಕೈ ಇನ್ನೊಬ್ಬರದು. ಇದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಅಜ್ಜಿ ಅಗಸೆ ಹುರಿಯಲು ಕೂತರೆ ಪೂಜೆಗೆ ಕೂತಂತೆ. ಕಬ್ಬಿಣದ ಬಾಣಲೆ, ಸಣ್ಣ ಉರಿ, ಎಣ್ಣೆಯ ಹನಿಯೂ ಇಲ್ಲ. ಕಾಳು ಚಟಪಟ ಅನ್ನಲು ಶುರುವಾದರೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸದ್ದು ಎಲ್ಲ ಕಡೆಯಿಂದ ಒಂದೇ ಸಮ ಬಂದ ಮೇಲೆ ಕೆಳಗಿಳಿಸಿ, ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟುತ್ತಿದ್ದಳು. ಒಂದು ವಾರಕ್ಕಾಗುವಷ್ಟು ಮಾತ್ರ. ಪುಡಿ ಮಾಡಿ ಬಹಳ ದಿನ ಇಟ್ಟರೆ ಅದರೊಳಗಿನ ಎಣ್ಣೆ ಕಮಟುತ್ತದೆ ಎಂದು ಅವಳ ಹಟ. ನಾನು ಒಮ್ಮೆ ಹಸಿ ಕಾಳನ್ನು ಮುಷ್ಟಿಯಲ್ಲಿ ತೆಗೆದು ಬಾಯಿಗೆ ಹಾಕಿಕೊಳ್ಳಲು ಹೋದಾಗ ಕೈ ಹಿಡಿದು ಜಾಡಿಸಿದಳು.

"ಹಸೇದು ತಿಂದ್ರೆ ಹೊಟ್ಟೆ ಕೆಡ್ತದೆ. ಹುರಿದಿದ್ರೂ ಇಡೀ ಕಾಳು ನುಂಗಿದ್ರೆ ಹೆಂಗೆ ಹೋಗಿತ್ತೋ ಹಂಗೇ ಆಚೆ ಬರ್ತದೆ. ಹುರಿಬೇಕು, ಕುಟ್ಟಬೇಕು, ತಿಂದ್ಮೇಲೆ ಒಂದು ಚೊಂಬು ನೀರು ಕುಡಿಬೇಕು. ಇಲ್ಲಾಂದ್ರೆ ಒಳಗೆ ಕಲ್ಲಾಗಿ ಕೂತ್ಕೊಂತೈತೆ, ತಿಳೀತಾ?"

ಮೊಳಕೆಯ ವಿಷಯದಲ್ಲೂ ಹೀಗೇ. ಹೆಸರುಕಾಳು, ಹುರುಳಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಚ್ಚಲ ಬಾಗಿಲ ಗೂಟಕ್ಕೆ ತೂಗುಹಾಕುತ್ತಿದ್ದೆವು. ಮೊಳಕೆ ಬಂದ ಕಾಳು ಹೊಟ್ಟೆಗೆ ಹಗುರ, ರಕ್ತಕ್ಕೆ ಒಳ್ಳೆಯದು, ಎಳೆ ಮಕ್ಕಳೂ ಅರಗಿಸಿಕೊಳ್ಳುತ್ತವೆ ಅನ್ನುತ್ತಿದ್ದ ಅಜ್ಜಿಯೇ ದಿನಾ ಬೆಳಗ್ಗೆ ಆ ಗಂಟಿಗೆ ಕಳ್ಳನನ್ನು ಹಿಡಿದವಳ ಹಾಗೆ ಮುಖ ಮಾಡಿ ಮೂಗು ಹಚ್ಚುತ್ತಿದ್ದಳು. ಬೇಸಗೆಯಲ್ಲಿ ಅದು ಬೇಗ ಹಳಸುತ್ತದೆ. ಸ್ವಲ್ಪ ಹುಳಿ ವಾಸನೆ ಬಂದರೂ, ಬೆರಳಿಗೆ ಅಂಟು ಹತ್ತಿದರೂ ಇಡೀ ಗಂಟು ತಿಪ್ಪೆಗೆ. ಅಪ್ಪ ಗೊಣಗಿದರೆ ಅವಳಿಗೆ ಕೆಂಡದಂಥ ಸಿಟ್ಟು.

"ಜನ ನಮ್ಮನ್ನ ನಂಬಿ ಬಾಯಿಗೆ ಹಾಕ್ಕೊಳ್ತಾರೆ ಕಣೋ ಕರಿಬಸ. ಒಬ್ರಿಗೆ ವಾಂತಿ ಭೇದಿ ಆಗ್ಲಿ, ನಾಳೆ ನಮ್ಮ ಬಾಗಿಲಿಗೆ ನಾಯೀನೂ ಬರಲ್ಲ."

ಹಸಿ ಮೊಳಕೆಯನ್ನು ಎಲೆಗೆ ಬಡಿಸಿದ್ದನ್ನು ನಾನು ಕಂಡಿಲ್ಲ. ಒಂದು ಕುದಿ ಬಂದೇ ಹೊರಗೆ ಹೋಗಬೇಕು. ಹೀಗೆ ನಮ್ಮ ಮನೆಯಲ್ಲಿ ಒಳ್ಳೆಯದು ಅನ್ನಿಸಿಕೊಂಡ ಪ್ರತಿಯೊಂದು ತಿನಿಸಿನ ಜೊತೆ ಅದರ ಅಪಾಯವನ್ನೂ ಕಲಿಸುತ್ತಿದ್ದರು. ಎಲ್ಲದರ ಅಪಾಯ ಗೊತ್ತಿದ್ದ ಅಜ್ಜಿಗೆ ಒಂದೇ ಒಂದರ ಅಪಾಯ ಗೊತ್ತಿರಲಿಲ್ಲ, ಅದು ಅವಳ ಕೈಯಿಂದಲೇ ಬಂತು.

ಅಮ್ಮನಿಗೆ ಮೂರ್ಛೆ ರೋಗ ಇತ್ತು. ನನಗೆ ತಿಳಿವಳಿಕೆ ಬರುವ ಮೊದಲಿನಿಂದಲೂ ಇತ್ತು. ಶಿವಮೊಗ್ಗದ ಡಾಕ್ಟರೊಬ್ಬರು ಗುಳಿಗೆ ಬರೆದುಕೊಟ್ಟಿದ್ದರು, ದಿನಾ ಬೆಳಗ್ಗೆ ತಪ್ಪದೆ ನುಂಗಬೇಕು. ನುಂಗುತ್ತಿದ್ದಳು, ತಡೆದಿತ್ತು. ಆದರೆ ತಡೆದಿದೆ ಅನ್ನುವುದನ್ನು ನಾವು ಯಾರೂ ನಂಬಿರಲಿಲ್ಲ. ಅವಳು ಕೂರುತ್ತಿದ್ದದ್ದು ಉರಿಯುವ ಒಲೆಯ ಮುಂದೆ, ಕಾದ ಹಂಚಿನ ಮುಂದೆ. ಅದಕ್ಕೇ ಅಡುಗೆಮನೆಯಲ್ಲಿ ಅವಳ ಬೆನ್ನ ಹಿಂದೆ ನನಗೊಂದು ಮಣೆ ಹಾಕಿದ್ದರು. ನಾನು ಅಲ್ಲೇ ಕೂತು ಮಗ್ಗಿ ಬರೆಯಬೇಕು, ಅಲ್ಲೇ ಪದ್ಯ ಬಾಯಿಪಾಠ ಮಾಡಬೇಕು. ಕಣ್ಣು ಪುಸ್ತಕದ ಮೇಲಿದ್ದರೂ ಕಿವಿ ರೊಟ್ಟಿ ಬಡಿಯುವ ಸದ್ದಿನ ಮೇಲೆ. ಟಪಟಪ, ಟಪಟಪ, ಸ್ವಲ್ಪ ಬಿಡುವು, ಹಂಚಿನ ಮೇಲೆ ಹಾಕಿದ ಚುರ್, ಮತ್ತೆ ಟಪಟಪ. ಆ ಸದ್ದು ಇರುವವರೆಗೆ ಅಮ್ಮ ಇದ್ದಾಳೆ. ಅದು ನಡುವೆ ನಿಂತರೆ ನಾನು ಹಾರಿ ಅವಳ ಸೆರಗು ಹಿಡಿದು ಹಿಂದಕ್ಕೆ ಎಳೆಯಬೇಕು. ನನ್ನ ಕೊರಳಲ್ಲಿ ದಾರಕ್ಕೆ ಕಟ್ಟಿದ ಹಳೆಯ ಕಬ್ಬಿಣದ ಬೀಗದಕೈ ಇತ್ತು, ಕಬ್ಬಿಣ ಹಿಡಿದರೆ ಮೂರ್ಛೆ ಬಿಡುತ್ತದೆ ಎಂದು ಅದನ್ನು ಅವಳ ಕೈಯಲ್ಲಿ ಹಿಡಿಸಬೇಕು. ಶಾಲೆಯಲ್ಲಿ ಹುಡುಗಿಯರು ಇದು ಯಾವ ಬೀಗದ್ದೇ ಎಂದು ಕೇಳಿದರೆ ಮನೆಯ ಉಗ್ರಾಣದ್ದು ಅನ್ನುತ್ತಿದ್ದೆ. ಮೂಗು ಒರೆಸಿಕೊಳ್ಳಲೆಂದೋ, ಕಣ್ಣಿಗೆ ಬಿದ್ದ ಹಿಟ್ಟು ತೆಗೆಯಲೆಂದೋ ಅಮ್ಮ ಕೈ ನಿಲ್ಲಿಸಿದರೂ ನಾನು ಮಣೆಯಿಂದ ಅರ್ಧ ಏಳುತ್ತಿದ್ದೆ. ಅವಳಿಗದು ಗೊತ್ತಾಗುತ್ತಿತ್ತು. ತಿರುಗಿ ನೋಡದೆಯೇ ಹೇಳುತ್ತಿದ್ದಳು.

"ಇದೀನಿ ಕಣೆ ರೇಣು. ಬರಿ ನೀನು."

ನನ್ನ ಹೆದರಿಕೆ ಒಲೆಯದ್ದು. ಅಪ್ಪನ ಹೆದರಿಕೆ ಗಿರಾಕಿಗಳದ್ದು. ಅಡುಗೆಯವಳಿಗೆ ಮೂರ್ಛೆ ಅಂತ ಗೊತ್ತಾದರೆ ಆ ಕೈಯ ರೊಟ್ಟಿ ಯಾರು ತಿಂತಾರೆ ಎಂದು ಅವನ ಚಿಂತೆ. ಅಜ್ಜಿಯ ಹೆದರಿಕೆ ಏನು ಎಂಬುದು ಆಗ ನನಗೆ ತಿಳಿಯುತ್ತಿರಲಿಲ್ಲ. ಅವಳು ಯಾರಿಗೂ ಹೆದರದವಳು ಎಂದೇ ನಾನು ತಿಳಿದಿದ್ದೆ.

ಅಮ್ಮನ ತವರು ಜಗಳೂರಿನ ಕಡೆ. ಅವರ ಜೋಳದ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲಿಗೆ ಅಗಸೆ ಹಾಕುತ್ತಿದ್ದರು, ನೀಲಿ ಹೂವು ಬಿಟ್ಟಾಗ ಹೊಲದ ತುಂಬ ಗೆರೆ ಎಳೆದಂತೆ ಕಾಣುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಮಾಮ, ಅಂದರೆ ಅಮ್ಮನ ಅಣ್ಣ, ಒಂದು ಚೀಲ ಹೊಸ ಅಗಸೆ ಬಸ್ಸಿನ ಮೇಲೆ ಹಾಕಿಕೊಂಡು ತಂದು ಇಳಿಸಿದ. ಆ ದಿನಗಳಲ್ಲಿ ಅಮ್ಮನಿಗೆ ಬೆಳಗ್ಗೆ ಗುಳಿಗೆ ನುಂಗಿದ ಮೇಲೆ ಹೊಟ್ಟೆ ಉರಿ. ಎದೆ ಹಿಡಿದುಕೊಂಡು ಮುಖ ಹುಳ್ಳಗೆ ಮಾಡುತ್ತಿದ್ದಳು. ಗುಳಿಗೆಯೂ ದೊಡ್ಡದು, ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮು ಬರುತ್ತಿತ್ತು. ಅಜ್ಜಿ ಇದನ್ನು ನೋಡಿ ನೋಡಿ ಒಂದು ಬೆಳಗ್ಗೆ ಹಿತ್ತಾಳೆ ಲೋಟ ಹಿಡಿದು ಬಂದಳು. ರಾತ್ರಿಯೇ ಅಗಸೆಯನ್ನು ಬಿಸಿನೀರಲ್ಲಿ ನೆನೆಹಾಕಿದ್ದಳು. ಬೆಳಗಾಗುವಷ್ಟರಲ್ಲಿ ಅದು ಲೋಳೆ ಬಿಟ್ಟು, ಕಾಳೆಲ್ಲ ತಳದಲ್ಲಿ ಅಂಟಿಕೊಂಡು ಕೂತಿತ್ತು. ಗುಳಿಗೆಯನ್ನು ಚಮಚದ ಬೆನ್ನಿನಿಂದ ಅರೆದು ಆ ನೀರಿಗೆ ಹಾಕಿ ತಿರುವಿದಳು.

"ಗುಳಿಗೆ ಅಂದ್ರೆ ಉಷ್ಣ ಗಿರಿಜಾ. ಬರೀ ನೀರಲ್ಲಿ ನುಂಗಿದ್ರೆ ಕರುಳು ಸುಡ್ತದೆ. ಈ ಲೋಳೆ ಒಳಗೆ ಎಣ್ಣೆ ಸವರಿದ ಹಂಗೆ ಸವರ್ಕೊಂಡು ಹೋಗ್ತೈತೆ. ಕುಡಿ, ನಿನ್ ತವರಿನ ಕಾಳು."

"ಹೂಂ ಅತ್ತೆ," ಅಂದಳು ಅಮ್ಮ. ಲೋಟ ಹಿಡಿದು ಬಚ್ಚಲ ಕಡೆ ಹೋಗಿ ಕುಡಿದು, ತಾನೇ ತೊಳೆದು, ಬೋರಲು ಹಾಕಿ ಬಂದಳು.

ಹೊಟ್ಟೆ ಉರಿ ನಿಂತಿತು. ಅಜ್ಜಿಯ ಸಂತೋಷ ಹೇಳತೀರದು. ಅಗಸೆಯ ಗುಣ ಅವಳ ಬಾಯಲ್ಲಿ ದಿನಕ್ಕೊಂದು ಬೆಳೆಯಿತು. ಮಲಬದ್ಧತೆ ಹೋಯಿತು, ಕೂದಲು ಮಿಂಚುತ್ತಿದೆ, ಮುಖಕ್ಕೆ ಕಳೆ ಬಂತು. ಊಟಕ್ಕೆ ಬಂದವರಿಗೂ ಹೇಳಿದ್ದೇ ಹೇಳಿದ್ದು. ತಾನು ಸೊಸೆಗೆ ದಿನಾ ಕೈಯಾರೆ ಕೊಡುತ್ತೇನೆ ಎಂದು ಹೇಳುವಾಗ ಅವಳ ಧ್ವನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಬಡಿಸುತ್ತಿದ್ದ ಅಪ್ಪ ಕೂಡ ನಿಂತು ಕೇಳುತ್ತಿದ್ದ. ಅತ್ತೆ ಸೊಸೆಯರ ನಡುವೆ ಅಷ್ಟು ಸಿಹಿ ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಯುಗಾದಿ ಕಳೆದು ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ಸದ್ದು ನಿಂತಿತು. ನಾನು ಮಣೆಯ ಮೇಲೆ ಬಟ್ಟೆಯ ಗೊಂಬೆಗೆ ಸೀರೆ ಉಡಿಸುತ್ತಿದ್ದೆ. ತಲೆ ಎತ್ತಿದರೆ ಅಮ್ಮನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿದೆ, ಕುತ್ತಿಗೆ ಒಂದು ಕಡೆಗೆ ತಿರುಗಿದೆ, ನನ್ನನ್ನೇ ನೋಡುತ್ತಿರುವ ಕಣ್ಣಲ್ಲಿ ನಾನಿಲ್ಲ. ಹಾರಿ ಸೆರಗು ಎಳೆದೆ. ಅವಳು ಹಿಂದಕ್ಕೆ ಬಿದ್ದಳು, ಮೈಯೆಲ್ಲ ಅದುರತೊಡಗಿತು, ಕಾಲು ತಗುಲಿ ಹಿಟ್ಟಿನ ಪರಾತ ದೊಡ್ಡ ಸದ್ದಿನೊಂದಿಗೆ ಉರುಳಿತು. ಹೊರಗೆ ಬೆಂಚುಗಳ ತುಂಬ ಜನ. ಅಪ್ಪ ರೇಡಿಯೋ ಜೋರು ಮಾಡಿದ್ದು ಕೇಳಿಸಿತು.

"ಏನಾತ್ರಿ ಒಳಗೆ?" ಯಾರೋ ಕೇಳಿದರು.

"ಏನಿಲ್ರಿ, ಪರಾತ ಬಿತ್ತು. ಊಟ ಮಾಡ್ರಿ, ಸಾರು ಹಾಕ್ಲೇನು?"

ಅವನು ಸಾರು ತುಂಬಿದ್ದ ಎಲೆಗೇ ಮತ್ತೆ ಸಾರು ಹಾಕುವುದು ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ನಾನು ಬೀಗದಕೈಯನ್ನು ಅಮ್ಮನ ಮುಷ್ಟಿಯೊಳಗೆ ತುರುಕುತ್ತಿದ್ದೆ. ಆ ಮುಷ್ಟಿ ತೆರೆಯುತ್ತಿರಲಿಲ್ಲ. ಅಜ್ಜಿ ಬಂದು ಅಮ್ಮನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸುತ್ತ ಕೂತಳು. ನಾನು ಅಳಲಿಲ್ಲ. ಅತ್ತರೆ ಹೊರಗೆ ಕೇಳುತ್ತದೆ ಎಂದು ಬಾಯಿಗೆ ಗೊಂಬೆಯ ಸೀರೆ ತುಂಬಿಕೊಂಡಿದ್ದೆ.

ಆ ಬೇಸಗೆ ನನಗೆ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಿದೆ. ಮತ್ತೆ ಬಂತು, ಮತ್ತೆ ಬಂತು. ಬಟ್ಟೆ ಒಣಹಾಕುವಾಗ ಬಂತು, ನೀರು ಸೇದುವಾಗ ಬಂತು. ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. ಗುಳಿಗೆ ಹಳೆಯದಾಯಿತೇನೋ ಎಂದು ಅಪ್ಪ ಬೇರೆ ತಂದ. ಯಾರದೋ ಕಣ್ಣು ತಾಗಿದೆ ಎಂದು ನಿವಾಳಿಸಿದರು. ಅಜ್ಜಿಗೆ ತೋಚಿದ ದಾರಿ ಒಂದೇ, ಮೈಯಲ್ಲಿ ಶಕ್ತಿ ಸಾಲದು ಎಂದು ಅಗಸೆ ಇನ್ನಷ್ಟು ಹಾಕಿದಳು. ಲೋಟದ ನೀರು ಇನ್ನೂ ಮಂದವಾಯಿತು. ಅಮ್ಮನ ಎಲೆಯ ಮೇಲೆ ಮೊಳಕೆಕಾಳಿನ ಪಲ್ಯ ಗುಡ್ಡೆ ಬಿತ್ತು. ಅವಳು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದಳು. ಒಲೆ ಮುಂದೆ ಕೂರಬೇಡ ಎಂದು ಅಪ್ಪ ಹೇಳಿದ ದಿನ ಮಾತ್ರ ಒಮ್ಮೆ ತಲೆ ಎತ್ತಿದಳು.

"ಒಲೆ ಬಿಟ್ರೆ ಈ ಮನೇಲಿ ನಾನು ಎಲ್ಲಿ ಕೂತ್ಕೊಳ್ಲಿ ಹೇಳ್ರಿ?"

ಅಪ್ಪ ಎದ್ದು ಗಲ್ಲಾಕ್ಕೆ ಹೋದ. ಮಾಮ ವಿಷಯ ತಿಳಿದು ಓಡಿಬಂದ. ನಡುಮನೆಯಲ್ಲಿ ನೀರನ್ನೂ ಮುಟ್ಟದೆ ನಿಂತುಕೊಂಡೇ ಮಾತಾಡಿದ.

"ಬೆಂಕಿ ಮುಂದೆ ಕೂರಿಸಿ ನನ್ ತಂಗೀನ ಸುಡಾಕೆ ಹೊಂಟೀರೇನು ಭಾವ? ನಾನು ಬಡವ ಇರಬಹುದು, ಅವಳಿಗೆ ಒಂದು ತುತ್ತು ಹಾಕಾಕೆ ಆಗದಷ್ಟು ಬಡವ ಅಲ್ಲ. ಇನ್ನೊಂದ್ಸಲ ಹಿಂಗಾತು ಅಂದ್ರೆ ಕಾರಹುಣ್ಣಿಮೆಗೆ ಬಂದು ಕರ್ಕೊಂಡು ಹೋಗ್ತೀನಿ. ವಾಪಸ್ ಕಳ್ಸಲ್ಲ."

ಕಳಿಸಲ್ಲ ಅನ್ನುವ ಮಾತು ನನ್ನೊಳಗೆ ಇಳಿದು ಕೂತುಬಿಟ್ಟಿತು. ಅಲ್ಲಿಂದ ಮುಂದೆ ನನಗೆ ಎರಡು ಹೆದರಿಕೆ. ಬೆಂಕಿಗೆ ಅಮ್ಮ ಹೋಗುತ್ತಾಳೆ, ಇಲ್ಲವೇ ಜಗಳೂರಿನ ಬಸ್ಸಿಗೆ ಹೋಗುತ್ತಾಳೆ. ಅಮ್ಮನನ್ನು ಕರೆದುಕೊಂಡು ಹೋದರೆ ನನ್ನನ್ನೂ ಕರೆದುಕೊಂಡು ಹೋಗುತ್ತಾರೋ ಇಲ್ಲವೋ ಎಂದು ಯಾರನ್ನೂ ಕೇಳಲು ಧೈರ್ಯವಾಗಲಿಲ್ಲ. ಅವಳು ನಿದ್ದೆ ಮಾಡುತ್ತಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಅಮ್ಮಾ, ಅಮ್ಮಾ ಎಂದು ಕರೆಯುತ್ತಿದ್ದೆ. ಪಾಪ, ಅವಳು ಒಳಗಿನಿಂದ ಓ ಅನ್ನುತ್ತಲೇ ಸ್ನಾನ ಮಾಡಬೇಕಿತ್ತು.

ಮಳೆಗಾಲ ಇನ್ನೇನು ಹಿಡಿಯಬೇಕು ಅನ್ನುವಾಗ ಹಂಚಿನ ಮುಂದೆಯೇ ಮತ್ತೆ ಆಯಿತು. ನಾನು ಎಳೆದೆ, ಆದರೆ ಅಷ್ಟರಲ್ಲಿ ಅವಳ ಬಲ ಮುಂಗೈ ಹಂಚಿನ ಅಂಚಿಗೆ ತಾಗಿತ್ತು. ಚರ್ಮ ಸುಟ್ಟ ವಾಸನೆ, ರೊಟ್ಟಿ ಸೀದ ವಾಸನೆ, ಪಕ್ಕದ ಬಾಣಲೆಯಲ್ಲಿ ಹುರಿಯುತ್ತಿದ್ದ ಅಗಸೆಯ ವಾಸನೆ ಮೂರೂ ಒಟ್ಟಿಗೆ ಮೂಗಿಗೆ ಬಂದವು. ಮೊದಲ ಎರಡನ್ನು ನನ್ನ ನೆನಪು ಹೇಗೋ ಬಿಟ್ಟುಕೊಟ್ಟಿದೆ. ಮೂರನೆಯದು ಉಳಿದಿದೆ. ಕಾರಹುಣ್ಣಿಮೆ ಹತ್ತಿರದಲ್ಲೇ ಇತ್ತು.

ಕೈಗೆ ಪಟ್ಟಿ ಕಟ್ಟಿದ್ದರಿಂದ ಅಮ್ಮ ನೀರು ಮುಟ್ಟುವ ಹಾಗಿರಲಿಲ್ಲ. ಮಾರನೆಯ ಬೆಳಗ್ಗೆ ಅವಳು ಅಗಸೆ ನೀರು ಕುಡಿದು ಲೋಟವನ್ನು ಬಚ್ಚಲ ಕಟ್ಟೆಯ ಮೇಲಿಟ್ಟಳು, ಮೊದಲ ಸಲ ಅದನ್ನು ನಾನು ತೊಳೆಯಲು ತೆಗೆದುಕೊಂಡೆ. ಬಗ್ಗಿಸಿದರೆ ಏನೂ ಬೀಳಲಿಲ್ಲ. ಲೋಟದ ಕಾಲು ಭಾಗ ಲೋಳೆ ಹಾಗೇ ಉಳಿದಿತ್ತು, ಮೂಗಿನ ಸಿಂಬಳದ ಹಾಗೆ ಜಾರಿ ಬಾಯಂಚಿನವರೆಗೆ ಬಂದು ಮತ್ತೆ ತಳಕ್ಕೆ ಹೋಗುತ್ತಿತ್ತು. ಅಸಹ್ಯವಾಯಿತು. ಬೆರಳು ಹಾಕಿ ಕೆರೆದು ತೆಗೆಯುವಾಗ ಕಂದು ಕಾಳುಗಳ ನಡುವೆ ಬೆಳ್ಳಗೆ, ಸುಣ್ಣದ ಹಾಗೆ ಏನೋ ಅಂಟಿಕೊಂಡಿತ್ತು. ಯಾಕೆ ಹಾಗೆ ಮಾಡಿದೆನೋ, ನಾಲಿಗೆಗೆ ತಾಗಿಸಿದೆ. ಕಹಿ. ಅಗಸೆ ಕಹಿ ಇರುವುದಿಲ್ಲ. ಈ ಕಹಿ ನನಗೆ ಗೊತ್ತಿತ್ತು. ಹಿಂದೆ ಒಮ್ಮೆ ಪೆಪ್ಪರಮೆಂಟು ಎಂದುಕೊಂಡು ಅಮ್ಮನ ಗುಳಿಗೆ ನೆಕ್ಕಿ ಉಗಿದಿದ್ದೆ.

ಏನೋ ಗೊತ್ತಾಗಿಬಿಟ್ಟಿತ್ತು, ಅದನ್ನು ಹೇಳಿದರೆ ಮನೆಯಲ್ಲಿ ಏನಾಗುತ್ತದೋ ಎಂದೂ ಗೊತ್ತಿತ್ತು. ಅಮ್ಮನಿಗೆ ಹೇಳಿದರೆ ಸುಮ್ಮನಿರು ಅನ್ನುತ್ತಾಳೆ. ಅಪ್ಪನಿಗೆ ಹೇಳಿದರೆ ಅಜ್ಜಿಯ ಮೇಲೆ ಹಾರಾಡುತ್ತಾನೆ. ಅಜ್ಜಿಗೆ ಹೇಳಿದರೆ? ಅವಳ ಕೈಯ ಪದಾರ್ಥಕ್ಕೆ ಉಪ್ಪು ಕಡಿಮೆ ಅಂತ ಕೂಡ ಆ ಮನೆಯಲ್ಲಿ ಯಾರೂ ಅಂದವರಲ್ಲ. ಲೋಟ ಹಿಡಿದು ಬಚ್ಚಲಲ್ಲಿ ನಿಂತೇ ಇದ್ದೆ. ಆಮೇಲೆ ಕಣ್ಣ ಮುಂದೆ ಜಗಳೂರಿನ ಬಸ್ಸು ಬಂತು. ನೇರ ಹೋಗಿ, ಮೊಳಕೆಯ ಗಂಟು ಬಿಚ್ಚುತ್ತಿದ್ದ ಅಜ್ಜಿಯ ಮುಂದೆ ಲೋಟ ಹಿಡಿದೆ.

"ಅಜ್ಜಿ, ಅಮ್ಮನ ಗುಳಿಗೆ ಇಲ್ಲೇ ಐತೆ."

ಅವಳಿಗೆ ಅರ್ಥವಾಗಲಿಲ್ಲ. ಲೋಟದೊಳಗೆ ನೋಡಿದಳು. ಬೆರಳಿನಿಂದ ಆ ಬಿಳಿಯದನ್ನು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. ಹಳಸಿದ ಕಾಳಿನ ವಾಸನೆಯನ್ನು ಬಾಗಿಲಾಚೆಯಿಂದಲೇ ಹಿಡಿಯುವ ಅಜ್ಜಿ ಆ ಕಹಿಯನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಕೂತಳು. ಅವಳ ಮುಖ ಬಿಳಿಚಿಕೊಂಡಿತು. ಅವಳು ಹೆದರಿದ್ದನ್ನು ನಾನು ಮೊದಲ ಸಲ ಕಂಡೆ.

"ಗಿರಿಜಾ," ಎಂದು ಕರೆದಳು. ಕೂಗಲಿಲ್ಲ. ಅಮ್ಮ ಬಂದು ನಿಂತಳು, ಲೋಟ ನೋಡಿದಳು, ತಲೆ ತಗ್ಗಿಸಿದಳು.

"ಇದನ್ನ ದಿನಾ ಬಿಡ್ತಿದ್ದೇನು?"

"ಮೇಲಿನ ನೀರು ಕುಡಿತಿದ್ದೆ ಅತ್ತೆ. ಆ ಲೋಳೆ ಗಂಟ್ಲಲ್ಲಿ ಇಳಿಯಲ್ಲ, ವಾಂತಿ ಬಂದಂಗೆ ಆಗ್ತದೆ. ಗುಳಿಗೆ ಉಪ್ಪಿನ ಹಂಗೆ ನೀರಲ್ಲಿ ಕರಗಿರ್ತೈತೆ ಅಂದ್ಕೊಂಡಿದ್ದೆ. ತಳದ್ದು ಬರೀ ಅಗಸೆ ಅಂತ ಚೆಲ್ಲಿ ತೊಳೆದಿಡ್ತಿದ್ದೆ."

"ಇಳಿಯಲ್ಲ ಅಂತ ನನಗೆ ಹೇಳಾಕೆ ಏನಾಗಿತ್ತೇ ನಿನಗೆ? ನಾನೇನು ಹುಲೀನಾ?"

ಅಮ್ಮ ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ನೀವು ಬೈತಿದ್ರೆ ಹೇಳ್ತಿದ್ದೆನೇನೋ ಅತ್ತೆ. ಅಷ್ಟು ಪ್ರೀತಿಯಿಂದ ರಾತ್ರಿಯೇ ನೆನೆಹಾಕಿ ಕೊಡ್ತಿದ್ರಿ. ಬ್ಯಾಡ ಅಂತ ಹೆಂಗೆ ಹೇಳ್ಲಿ?"

ಅಜ್ಜಿ ಲೋಟವನ್ನು ನೆಲಕ್ಕೆ ಇಡಲು ಹೋದಳು, ಕೈ ತಪ್ಪಿ ಅದು ಉರುಳಿತು. ಲೋಳೆ ನೆಲದ ಮೇಲೆ ಹರಡಿತು. "ನನ್ ಪ್ರೀತಿಗಿಷ್ಟು ಬೆಂಕಿ ಹಾಕ," ಎಂದು ಹಣೆ ಹಣೆ ಬಡಿದುಕೊಂಡಳು. ಅಮ್ಮ ಓಡಿ ಅವಳ ಕೈ ಹಿಡಿದಳು. ಇಬ್ಬರೂ ಅತ್ತರು. ಅವತ್ತು ಬಾಯಿ ಮುಚ್ಚಿಕೊಳ್ಳದೆ ನಾನೂ ಜೋರಾಗಿ ಅತ್ತೆ. ಅಪ್ಪ ಗಲ್ಲಾದಿಂದ ಎದ್ದು ಬಂದ. ಹೊರಗೆ ತಿಂಡಿಗೆ ಕೂತಿದ್ದವರು ಬಗ್ಗಿ ಬಗ್ಗಿ ನೋಡಿದರು. ಯಾರೂ ರೇಡಿಯೋ ಹಾಕಲಿಲ್ಲ.

ಆ ದಿನವೇ ಖಾನಾವಳಿಗೆ ಬೀಗ ಹಾಕಿ ಎಲ್ಲರೂ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರ ಮುಂದೆ ಮಾತಾಡಿದವಳು ಅಜ್ಜಿಯೇ. ತಾನು ಏನು ಮಾಡಿದೆ, ಎಷ್ಟು ಅಗಸೆ, ಹೇಗೆ ಅರೆದೆ, ಒಂದನ್ನೂ ಬಿಡದೆ ಹೇಳಿದಳು. ಅವರು ಬಯ್ಯುತ್ತಾರೆ ಎಂದು ನಾನು ಅಪ್ಪನ ಅಂಗಿ ಹಿಡಿದುಕೊಂಡಿದ್ದೆ. ಅವರು ಬಯ್ಯಲಿಲ್ಲ.

"ಅಗಸೆ ಕೆಟ್ಟದ್ದಲ್ಲಮ್ಮ. ಊಟದ ಜೊತೆ ಪುಡಿ ತಿನ್ನಲಿ, ನೀರು ಚೆನ್ನಾಗಿ ಕುಡಿಯಲಿ. ಆದ್ರೆ ಗುಳಿಗೆ ಜೊತೆ ಮಾತ್ರ ಬೇಡ. ಲೋಟದಲ್ಲಿ ಹೇಗೆ ಹಿಡಿದಿಟ್ಟುಕೊಂಡಿತೋ, ಹೊಟ್ಟೆಯೊಳಗೂ ಆ ಲೋಳೆ ಔಷಧ ರಕ್ತಕ್ಕೆ ಸೇರೋದನ್ನ ತಡೀಬಹುದು. ಗುಳಿಗೆ ಇಡಿಯಾಗಿ, ಬರೀ ನೀರಲ್ಲಿ. ಅಗಸೆ ಅದಾಗಿ ಎರಡು ಗಂಟೆ ಬಿಟ್ಟು. ಹೊಟ್ಟೆ ಉರಿಗೆ ನಾನು ಬೇರೆ ಬರೆದುಕೊಡ್ತೀನಿ, ಹೇಳ್ಬೇಕಲ್ವಾ ನನಗೆ?" ಅಂದರು. ಆಮೇಲೆ ನನ್ನ ಕೊರಳ ಕಡೆ ನೋಡಿ ಇದೇನು ಎಂದರು. ಹೇಳಿದೆ. "ಬೀಗದಕೈ ಏನೂ ಮಾಡಲ್ಲ ಪುಟ್ಟಿ. ಹತ್ತಿರದಲ್ಲಿರೋ ಬಿಸಿ ಪಾತ್ರೆ, ಕಲ್ಲು ದೂರ ಸರಿಸು. ಕೈಕಾಲು ಒತ್ತಿ ಹಿಡೀಬೇಡಿ, ಬಾಯಿಗೆ ಏನೂ ಹಾಕ್ಬೇಡಿ. ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲಿರು. ಅಷ್ಟು ಸಾಕು."

ಬಸ್ಸಿನಲ್ಲಿ ಬರುವಾಗ ಅಜ್ಜಿ ನನ್ನ ಕೊರಳಿನ ದಾರವನ್ನು ಹಲ್ಲಿನಿಂದ ಕಡಿದು ಬೀಗದಕೈ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಕೊರಳು ಹಗುರವಾಯಿತು. ಕೈ ಮಾತ್ರ ಅದನ್ನು ಹುಡುಕುತ್ತಲೇ ಇತ್ತು.

ಕಾರಹುಣ್ಣಿಮೆಯ ದಿನ ಮಾಮ ಬಂದ. ಅಮ್ಮನ ಟ್ರಂಕನ್ನು ಹೊರಲು ಹೆಗಲಿಗೆ ಟವೆಲ್ಲು ಸುತ್ತಿಕೊಂಡೇ ಬಂದಿದ್ದ. ಅಜ್ಜಿ ಅವನನ್ನು ಖಾನಾವಳಿಯಲ್ಲೇ, ಊಟಕ್ಕೆ ಕೂತವರ ಎದುರೇ ನಿಲ್ಲಿಸಿಕೊಂಡಳು.

"ತಪ್ಪು ನಿನ್ ತಂಗೀದಲ್ಲ, ಗುಳಿಗೆದಲ್ಲ, ನಂದು. ನನ್ ಕೈಯಾರೆ ಅವಳ ಔಷಧಿ ಕೆಡಿಸಿದೀನಿ. ಅವಳಿಗೆ ಮೂರ್ಛೆ ಐತೆ, ಹೌದು, ಎಲ್ರೂ ಕೇಳ್ಕೊಳ್ರಿ, ಐತೆ. ಉಣ್ಣೋರು ಉಣ್ರಿ, ಹೋಗೋರು ಹೋಗ್ರಿ. ನೀನು ಯಾರನ್ನಾದ್ರೂ ಕರ್ಕೊಂಡು ಹೋಗ್ಲೇಬೇಕಂದ್ರೆ ನನ್ನ ಕರ್ಕೊಂಡು ಹೋಗಪ್ಪ. ಅವಳನ್ನ ಬಿಟ್ಟು ನಾನು ಹೆಂಗೆ ಇರ್ಲಿ?"

ಅದೇ ಅವಳ ಹೆದರಿಕೆ. ಇಷ್ಟು ದಿನ ನನಗೆ ಕಾಣದೇ ಇದ್ದದ್ದು ಅದು. ಗೋವಿನಕೋವಿಯಿಂದ ದಿನಾ ಬಂದು ಮೂಲೆಯ ಬೆಂಚಿನಲ್ಲಿ ಊಟ ಮಾಡುತ್ತಿದ್ದ ಮೇಷ್ಟ್ರು ತಲೆ ಎತ್ತದೆಯೇ, "ನಮಗೆ ಯಾವಾಗಿಂದ್ಲೋ ಗೊತ್ತೈತೆ ಹಾಲಮ್ಮ. ಇನ್ನೊಂದು ರೊಟ್ಟಿ ಹಾಕ್ಸು," ಅಂದರು. ಅಪ್ಪ ಗಲ್ಲಾದ ಮೇಲೆ ತಲೆ ಇಟ್ಟುಕೊಂಡುಬಿಟ್ಟ. ಮಾಮ ಹೆಗಲಿನ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು ಮೇಷ್ಟ್ರ ಪಕ್ಕ ಊಟಕ್ಕೆ ಕೂತ. ಒಳಗೆ ಟಪಟಪ ಶುರುವಾಯಿತು, ಸುಟ್ಟ ಕೈಯಾದ್ದರಿಂದ ಸ್ವಲ್ಪ ಕುಂಟುವ ಸದ್ದು.

ಅಂದಿ‌ನಿಂದ ಅಜ್ಜಿ ಬದುಕಿದ್ದಷ್ಟು ದಿನವೂ ಬೆಳಗ್ಗೆ ಗುಳಿಗೆಯ ಹೊತ್ತಿಗೆ ಅಮ್ಮನ ಎದುರು ಕೂರುತ್ತಿದ್ದಳು. ಬರೀ ನೀರು. "ಬಾಯಿ ತೆಗಿ. ನಾಲಿಗೆ ಎತ್ತು," ಅನ್ನುತ್ತಿದ್ದಳು. ಅಮ್ಮ ಶಾಲೆ ಹುಡುಗಿಯ ಹಾಗೆ ಬಾಯಿ ತೆರೆದು ತೋರಿಸುತ್ತಿದ್ದಳು. ಮೂರ್ಛೆ ಕೂಡಲೇ ಪೂರ್ತಿ ಹೋಯಿತು ಅನ್ನಲಾರೆ, ಆದರೆ ಅಪರೂಪವಾಯಿತು. ವರ್ಷಗಳು ಕಳೆದ ಮೇಲೆ ಬರುವುದೇ ನಿಂತಿತು.

ಈಗ ಅಮ್ಮ ನ್ಯಾಮತಿಯಲ್ಲಿ ನನ್ನ ಜೊತೆ ಇದ್ದಾಳೆ. ನಾನು ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ತರಗತಿ ಎಷ್ಟು ಗಲಾಟೆ ಮಾಡಿದರೂ ಬಯ್ಯದ ಟೀಚರು ಎಂದು ಹೆಸರು. ಸದ್ದು ಇದ್ದರೆ ನನಗೆ ನೆಮ್ಮದಿ. ಅಡುಗೆಮನೆ ಒಂದು ಕ್ಷಣ ಮೌನವಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ಹೋದ ಭಾನುವಾರ ಬೆಳಗ್ಗೆ ಹೆಸರುಕಾಳಿನ ಮೊಳಕೆಗೆ ಒಂದು ಕುದಿ ಕೊಟ್ಟು, ಒಗ್ಗರಣೆ ಹಾಕಿ, ಮೇಲೆ ಅಗಸೆ ಪುಡಿ ಉದುರಿಸಿ ಮೂರು ತಟ್ಟೆಗೆ ಹಾಕಿದೆ, ಅಮ್ಮನದು ಅವಳು ಗುಳಿಗೆ ನುಂಗಿ ಎರಡು ಗಂಟೆ ಕಳೆದ ಮೇಲೆ ತಿನ್ನಲಿಕ್ಕೆ. ದಾವಣಗೆರೆಯಲ್ಲಿ ಓದುವ ಮಗಳು ರಜೆಗೆ ಬಂದಿದ್ದಳು. ಅವಳು ಒಂದು ತುತ್ತು ತಿಂದು ತಟ್ಟೆ ದೂರ ತಳ್ಳಿದಳು.

"ನಂಗೆ ಅಗಸೆ ಸೇರಲ್ಲಮ್ಮ. ಮೊಳಕೆ ಕೊಡು, ಇದನ್ನ ಹಾಕ್ಬೇಡ."

ತನ್ನ ತಟ್ಟೆ ಮುಚ್ಚಿಡಲು ಹೋದ ಅಮ್ಮನ ಕೈ ನಡುವೆಯೇ ನಿಂತುಬಿಟ್ಟಿತು. ನಾನು ಅವಳ ಸೆರಗಿಗೆ ಕೈ ಚಾಚಿದೆ. ಆದರೆ ಅದು ಮೂರ್ಛೆಯಲ್ಲ. ಅವಳು ಮೊಮ್ಮಗಳನ್ನು ನೋಡುತ್ತಿದ್ದಳು, ಈಗ ಏನಾಗುತ್ತದೋ ಎಂದು ಹೆದರಿದವಳಂತೆ. ಆಮೇಲೆ ನನ್ನ ಮುಖ ನೋಡಿದಳು. ನಾನು ಬಯ್ಯಲಿಲ್ಲ, ಬೇರೆ ತಟ್ಟೆಗೆ ಬರೀ ಮೊಳಕೆ ಹಾಕಿಕೊಟ್ಟೆ. ಮಗಳು ಏನೂ ಆಗದವಳಂತೆ ಮೊಬೈಲು ನೋಡುತ್ತ ತಿನ್ನತೊಡಗಿದಳು. ಅಮ್ಮ ಅದನ್ನೇ ನೋಡುತ್ತಿದ್ದಳು.

"ಇಷ್ಟೇನಾ?" ಅಂದಳು.

"ಏನಮ್ಮ ಇಷ್ಟೇನಾ?"

ಅಮ್ಮ ತನ್ನ ತಟ್ಟೆಯಲ್ಲಿದ್ದ ಪುಡಿಯನ್ನು ಬೆರಳಿನಿಂದ ಒಂದು ಅಂಚಿಗೆ ಸರಿಸಿದಳು. ಇಷ್ಟು ವರ್ಷ ದಿನಾ ರೊಟ್ಟಿಯ ಜೊತೆ ತಿಂದ, ಸಾವಿರಾರು ಜನಕ್ಕೆ ಬಡಿಸಿದ ಪುಡಿ.

"ನಂಗೂ ಸೇರಲ್ಲ ಕಣೆ ರೇಣು. ಮೊದಲಿಂದ್ಲೂ."

ನಗಬೇಕಿತ್ತು, ನಗು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳ ಉಸಿರಿಗೂ ಕಿವಿಗೊಟ್ಟವಳು. ಅವಳ ಕೈಯ ಸದ್ದು ನಿಂತದ್ದು ಗೊತ್ತಾಗುತ್ತಿತ್ತು, ಬಾಯಲ್ಲಿ ನಿಂತುಹೋದ ಮಾತುಗಳು ಗೊತ್ತಾಗಿರಲೇ ಇಲ್ಲ. ಬಾಲ್ಯದ ಯಾವ ಮಧ್ಯಾಹ್ನದಲ್ಲೂ ಆಗದಷ್ಟು ಹೆದರಿಕೆ ಆಗ ಆಯಿತು.

"ಮತ್ತೇನು ಸೇರಲ್ಲಮ್ಮ ನಿಂಗೆ?" ಎಂದು ಕೇಳಿದೆ.

ಅವಳು ತಿರುಗಿ ಗೋಡೆಯ ಮೇಲಿನ ಅಜ್ಜಿಯ ಫೋಟೋ ಕಡೆ ನೋಡಿದಳು. "ಮೆಲ್ಲಗೆ ಮಾತಾಡೇ," ಅಂದಳು. ಆಮೇಲೆ ಗುಳಿಗೆಗೆ ಕೈ ಚಾಚಿ, ಬರೀ ನೀರಲ್ಲಿ ನುಂಗಿ, ನಾನು ಕೇಳುವ ಮೊದಲೇ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು.